ಮಗಳ ಹೋಂವರ್ಕ್, ಅಮ್ಮನ ಒತ್ತಡ

ಪ್ರಶ್ನೆ: ಆರನೇ ತರಗತಿಯ ಮಗಳ ಹೋಂವರ್ಕನ್ನೆಲ್ಲ ಶಾಲೆಯ ಆ್ಯಪ್‌ಗೆ ಅಪ್‌ಲೋಡ್ ಮಾಡಬೇಕು. ಕೆಲಸದಿಂದ ಬಂದವಳು ರಾತ್ರಿ ಹತ್ತರವರೆಗೂ ಪಾಸ್‌ವರ್ಡ್ ಹುಡುಕುತ್ತಾ, ಹೋಗದ ಫೈಲನ್ನು ಮತ್ತೆ ಮತ್ತೆ ಕಳಿಸುತ್ತಾ, ಕೊನೆಗೆ ಅವಳ ಮೇಲೆಯೇ ರೇಗುತ್ತೇನೆ. ತಪ್ಪು ನನ್ನದೇ?

ಉತ್ತರ: ಖಂಡಿತ ನಿಮ್ಮದಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ತುರ್ತಿಗೆಂದು ಮನೆಯೊಳಗೆ ಬಂದ ವ್ಯವಸ್ಥೆ ಅನೇಕ ಕಡೆ ಶಾಲೆ ತೆರೆದ ಮೇಲೂ ಉಳಿದುಕೊಂಡಿತು; ಯಾವ ತರಬೇತಿಯೂ ಇಲ್ಲದೆ ತಾಂತ್ರಿಕ ಸಹಾಯಕರ ಹೊಣೆ ಹೆತ್ತವರ ಹೆಗಲೇರಿತು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಫೈಲ್ ಹೋಗದಿರಲು ಅನೇಕ ವೇಳೆ ಅದರ ಗಾತ್ರವೇ ಕಾರಣ. ಫೋನಿನಲ್ಲಿ ತೆಗೆದ ಒಂದೊಂದು ಚಿತ್ರವೂ ಹಲವು ಎಂಬಿ ಇರುವುದರಿಂದ, ಹತ್ತು ಪುಟ ಸೇರಿದಾಗ ಆ್ಯಪ್‌ನ ಮಿತಿ ಮೀರಬಹುದು. ಸ್ಕ್ಯಾನ್ ಸೌಲಭ್ಯ ಬಳಸಿ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದರೆ ಗಾತ್ರ ಸಾಮಾನ್ಯವಾಗಿ ಇಳಿಯುತ್ತದೆ. ಪಾಸ್‌ವರ್ಡನ್ನು ಮನೆಯಲ್ಲೇ ಇರುವ ಪುಸ್ತಕವೊಂದರಲ್ಲಿ ಮಗಳ ಕೈಯಿಂದಲೇ ಬರೆಸಿಡಿ. ಅರ್ಧ ಗಂಟೆಯಲ್ಲಿ ಕೆಲಸ ಆಗದಿದ್ದರೆ, ಪರದೆಯಲ್ಲಿ ಕಂಡ ಸಂದೇಶದ ಸ್ಕ್ರೀನ್‌ಶಾಟನ್ನು ಶಿಕ್ಷಕರಿಗೆ ಕಳಿಸಿ, ಮರುದಿನ ನೋಟ್‌ಬುಕ್ಕನ್ನೇ ಒಪ್ಪಿಸಲು ಅನುಮತಿ ಕೇಳಿ.

ರೇಗಿದ ದಿನ, ಮಲಗುವ ಮುನ್ನ, ‘ನನ್ನ ಸಿಟ್ಟು ಫೋನಿನ ಮೇಲೆ, ನಿನ್ನ ಮೇಲಲ್ಲ’ ಎಂದು ಅವಳಿಗೆ ಬಾಯಿಬಿಟ್ಟು ಹೇಳಿ. ಆ ವಯಸ್ಸಿನ ಮಗು ಅದನ್ನು ತಾನಾಗಿಯೇ ಊಹಿಸಿಕೊಳ್ಳದೇ ಇರಬಹುದು.