ಬೇಲಿಯೊಳಗಿನ ಮಣ್ಣೇ ಯಾಕೆ ಒಣಗಿತು?

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮೂರ ಕಾವಲಿನ ಜಲಾನಯನ ಆರಿಸಿಕೊಂಡು, ಮಣ್ಣಿನ ತೇವಾಂಶ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಮಾಡುತ್ತಿದ್ದೇನೆ. ಕುರಿ ಮೇಯುವ ಕಡೆಗಿಂತ ಬೇಲಿ ಹಾಕಿದ ಹುಲ್ಲಿನ ಜಾಗದಲ್ಲಿ ತೇವ ಜಾಸ್ತಿ ಎನ್ನುತ್ತದೆ ಮಾದರಿ. ಮಳೆ ನಿಂತು ಮೂರು ವಾರವಾದ ಮೇಲೆ ಅಗೆದು ನೋಡಿದರೆ ಬೇಲಿಯೊಳಗಿನ ಮಣ್ಣೇ ಒಣಗಿದೆ. ಗೈಡ್ ನನ್ನ ಅಳತೆಯೇ ತಪ್ಪು ಎನ್ನುತ್ತಾರೆ. ಏನು ಮಾಡಲಿ?
– ಓದುಗ, ಚಳ್ಳಕೆರೆ ತಾಲ್ಲೂಕು

ಉತ್ತರ: ಅಳತೆಯನ್ನು ಬಿಸಾಡಬೇಡಿ. ಅದು ಸರಿಯಾಗಿಯೇ ಇರಬಹುದು. ನನಗನಿಸುವಂತೆ ನಿಮ್ಮ ಮಾದರಿ ಕುರಿಯ ಗೊರಸನ್ನು ಲೆಕ್ಕಕ್ಕೆ ತಗೊಂಡು ಬಾಯಿಯನ್ನು ಮರೆತಿದೆ.

ಮೊದಲು ಗೊರಸು. ಹಿಂಡು ದಿನಾ ಓಡಾಡುವ ಕೆಂಪು ನೆಲ ಗಟ್ಟಿಯಾಗುತ್ತದೆ. ಅದರ ಮೇಲೆ ಮಳೆಹನಿ ಬಿದ್ದು ಹಕ್ಕಳೆ ಕಟ್ಟುತ್ತದೆ. ನೀರು ಇಂಗದೆ ಹಳ್ಳಕ್ಕೆ ಓಡುತ್ತದೆ. ಇದನ್ನು ಮಾದರಿಗಳು 'ಕರ್ವ್ ನಂಬರ್' ಎಂಬ ಒಂದು ಅಂಕಿಯಲ್ಲಿ ಹಿಡಿಯುತ್ತವೆ. ಅಂಕಿ ದೊಡ್ಡದಾದಷ್ಟೂ ಹರಿದು ಹೋಗುವ ನೀರು ಜಾಸ್ತಿ. ಅಮೆರಿಕದ ಕೃಷಿ ಇಲಾಖೆಯವರು 1950ರ ದಶಕದಲ್ಲಿ ರೂಪಿಸಿದ ಲೆಕ್ಕ ಅದು. ನೀರು ಮಧ್ಯಮವಾಗಿ ಇಂಗುವ 'ಬಿ' ಗುಂಪಿನ ಮಣ್ಣಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲು ಮುಚ್ಚಿದ್ದರೆ ಆ ಅಂಕಿ 61. ಮೇಯ್ದು ಮೇಯ್ದು ಅರ್ಧಕ್ಕಿಂತ ಕಡಿಮೆಯಾಗಿದ್ದರೆ 79. ಒಂದೇ ದಿನ 50 ಮಿ.ಮೀ. ಮಳೆ ಬಂತು ಅಂದುಕೊಳ್ಳಿ. ಸೂತ್ರದ ಪ್ರಕಾರ ಬೋಳು ನೆಲದಿಂದ ಸುಮಾರು 13 ಮಿ.ಮೀ. ಹರಿದು ಹೋಗುತ್ತದೆ, ಹುಲ್ಲು ನೆಲದಿಂದ 2 ಮಿ.ಮೀ. ಕೂಡ ಇಲ್ಲ. ಹೆಕ್ಟೇರಿಗೆ ಒಂದು ಮಿ.ಮೀ. ಅಂದರೆ 10,000 ಲೀಟರು. ವ್ಯತ್ಯಾಸ ಲಕ್ಷ ಲೀಟರು ದಾಟಿತು, ಅಲ್ವಾ? ನಿಮ್ಮ ಗೈಡ್ ನಂಬಿರುವುದು ಇದನ್ನೇ. ಮಳೆಯ ಮರುದಿನದ ಮಟ್ಟಿಗೆ ಅವರ ಮಾತು ಸರಿ.

ಈಗ ಬಾಯಿ. ಬೇಲಿಯೊಳಗೆ ಮೊಳಕಾಲೆತ್ತರ ಹುಲ್ಲು ನಿಂತಿದೆ. ಬೇರು ಇಳಿದಷ್ಟೂ ಆಳದಿಂದ ನೀರೆಳೆದು ಹಗಲೆಲ್ಲ ಆವಿ ಮಾಡುತ್ತದೆ. ಹೊರಗೆ ಕುರಿ ಎಲೆಯನ್ನೇ ತಿಂದಿದೆ, ನೀರೆಳೆಯುವವರು ಕಡಿಮೆ. ಅಲ್ಲಿ ಮೇಲಿನ ನಾಲ್ಕು ಬೆರಳು ಮಣ್ಣು ಬಿಸಿಲಿಗೆ ಬೇಗ ಒಣಗುತ್ತದೆ, ನಿಜ. ಆದರೆ ಒಣಗಿದ ಆ ಪದರವೇ ಕೆಳಗಿನ ತೇವ ಹೊರಬೀಳದಂತೆ ತಡೆಯುತ್ತದೆ. ಹಾಗಾಗಿ ವಾರ ಕಳೆದಂತೆ ಒಂದಡಿ ಆಳದಲ್ಲಿ ಮೇಯ್ದ ನೆಲವೇ ಜಾಸ್ತಿ ತೇವ ಇಟ್ಟುಕೊಂಡಿರುವುದುಂಟು.

ಮಾದರಿಯಲ್ಲಿ ಎರಡೂ ಜಾಗಕ್ಕೆ ಎಲೆಯ ವಿಸ್ತೀರ್ಣ ಒಂದೇ ಕೊಟ್ಟಿದ್ದೀರಾ, ನೋಡಿ. ಸುಮಾರು ಜನ ಹಾಗೇ ಬಿಟ್ಟುಬಿಡುತ್ತಾರೆ. ಜಲಾನಯನದ ನೀರಿನ ಲೆಕ್ಕ ಹಾಕುವ 'ಸ್ವಾಟ್' ಎಂಬ ಕಂಪ್ಯೂಟರ್ ಮಾದರಿ ಬಳಸುತ್ತಿದ್ದರೆ ಮೇಯಿಸುವಿಕೆಗೇ ಬೇರೆ ಕಲಮುಗಳಿವೆ: ಹಿಂಡು ಯಾವಾಗ ಬಂತು, ಎಷ್ಟು ದಿನ ಇತ್ತು, ಹೆಕ್ಟೇರಿಗೆ ದಿನಕ್ಕೆ ಎಷ್ಟು ಮೇವು ತಿಂತು, ಎಷ್ಟು ತುಳಿಯಿತು, ಎಷ್ಟು ಗೊಬ್ಬರ ಬಿತ್ತು. ಇದಕ್ಕೆ ಪುಸ್ತಕದಿಂದ ಸುಮ್ನೆ ಒಂದು ಅಂಕಿ ಎತ್ತಿಕೊಳ್ಳಬೇಡಿ. ನಿಮ್ಮ ಮನೆಯವರನ್ನೇ ಕೇಳಿ. ಹಿಂಡು ಯಾವ ತಿಂಗಳು ಯಾವ ದಿಣ್ಣೆಯಲ್ಲಿತ್ತು ಅನ್ನುವುದನ್ನು ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಒಂದೇ ಒಂದು ಅನುಮಾನ ನನಗಿದೆ. ಮಣ್ಣನ್ನು ಮುಚ್ಚಳದ ಡಬ್ಬಿಯಲ್ಲಿ ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿದ್ದೀರಿ ತಾನೇ? ಅದರಿಂದ ಸಿಗುವುದು ತೂಕದ ಲೆಕ್ಕ, ಅಂದರೆ ಒಣ ಮಣ್ಣಿನ ತೂಕಕ್ಕೆ ನೀರಿನ ತೂಕ ಎಷ್ಟು ಅಂತ. ಮಾದರಿ ಕೊಡುವುದು ಸಾಮಾನ್ಯವಾಗಿ ಗಾತ್ರದ ಲೆಕ್ಕ, ಅಂದರೆ ಮಣ್ಣಿನ ಗಾತ್ರದಲ್ಲಿ ನೀರಿನ ಪಾಲು ಎಷ್ಟು ಅಂತ. ತೂಕದ ಅಂಕಿಯನ್ನು ಮಣ್ಣಿನ ಸಾಂದ್ರತೆಯಿಂದ ಗುಣಿಸಿದರೆ ಗಾತ್ರದ ಅಂಕಿ ಸಿಗುತ್ತದೆ. ತುಳಿದ ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.6 ಗ್ರಾಂ, ಬೇಲಿಯೊಳಗಿನದು 1.35 ಇದ್ದರೆ, ತೂಕದಲ್ಲಿ ಎರಡೂ ಶೇ 8 ಇದ್ದರೂ ಗಾತ್ರದಲ್ಲಿ ಶೇ 12.8 ಮತ್ತು ಶೇ 10.8 ಆಗುತ್ತದೆ. ಕಬ್ಬಿಣದ ಉಂಗುರ ಹೊಡೆದು ಎರಡೂ ಕಡೆಯ ಸಾಂದ್ರತೆ ತೆಗೆಯಿರಿ. ಅಳತೆಯನ್ನು ಮಳೆಯ ಮರುದಿನ, ವಾರದ ಮೇಲೆ, ಮೂರು ವಾರದ ಮೇಲೆ, ಹೀಗೆ ಸಾಲಾಗಿ ಒಂದೇ ಹಾಳೆಯಲ್ಲಿ ಬರೆದು ಗೈಡ್ ಮುಂದಿಡಿ. ವಾದ ಮಾಡುವ ಕೆಲಸವೇ ಇರುವುದಿಲ್ಲ.

ಪ್ರಶ್ನೆ: ನೆಲದ ತೇವ ಉಪಗ್ರಹದಿಂದಲೇ ಗೊತ್ತಾಗುತ್ತದಂತೆ. ನಮ್ಮೂರ ಗೋಮಾಳದ್ದು ಸಿಗುತ್ತದಾ?
– ಓದುಗರು, ಅರಸೀಕೆರೆ

ಉತ್ತರ: ಗೋಮಾಳ ಒಂದರದ್ದೇ ಕಷ್ಟ. ನಾಸಾ 2015ರ ಜನವರಿಯಲ್ಲಿ ಹಾರಿಸಿದ 'ಸ್ಮ್ಯಾಪ್' ಅಳೆಯುವುದು ಮೇಲಿನ 5 ಸೆಂ.ಮೀ. ಮಣ್ಣನ್ನು. ಅದರ ಒಂದು ಚೌಕ ಸುಮಾರು 36 ಕಿ.ಮೀ. ಅಗಲ. ನಿಮ್ಮ ಗೋಮಾಳ, ತೆಂಗಿನ ತೋಟ, ಕೆರೆ ಎಲ್ಲಕ್ಕೂ ಸೇರಿ ಒಂದೇ ಅಂಕಿ. ಇಸ್ರೊ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿಸಿದ 'ನಿಸಾರ್' ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ನೋಡುತ್ತದೆ, 12 ದಿನಕ್ಕೊಮ್ಮೆ ಅದೇ ಜಾಡಿಗೆ ಬರುತ್ತದೆ. ತಾಲ್ಲೂಕಿನ ಮಟ್ಟದ ಅಂದಾಜು ಸಾಕು ಅನ್ನುವುದಾದರೆ ಸ್ಮ್ಯಾಪ್ ಅಂಕಿಗಳು ಪುಕ್ಕಟೆ ಸಿಗುತ್ತವೆ. ಹತ್ತಿರದ ಕೃಷಿ ಕಾಲೇಜಿನ ಹುಡುಗರನ್ನು ಕೇಳಿ, ತೆಗೆದುಕೊಡುತ್ತಾರೆ.