ಬೋರ್ ನೀರು ಕುದಿಸಿದರೆ ನೈಟ್ರೇಟ್ ಹೋಗುತ್ತದಾ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ, ರೋಣ ತಾಲ್ಲೂಕಿನ ಹಳ್ಳಿ. ಹಿತ್ತಲಲ್ಲಿ ಬೋರ್ ಇದೆ, ಮಗ್ಗುಲಲ್ಲೇ ತಿಪ್ಪೆ. ನೀರು ಪರೀಕ್ಷೆ ಮಾಡಿಸಿದರೆ ನೈಟ್ರೇಟ್ ಲೀಟರಿಗೆ 78 ಮಿಲಿಗ್ರಾಂ ಬಂತು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ಎರಡು ತಿಂಗಳು. ಕುದಿಸಿ ಆರಿಸಿ ಕೊಟ್ಟರೆ ನಡೆಯುತ್ತದಾ?

ಉತ್ತರ: ಇಲ್ರಿ ಅಕ್ಕಾರೆ, ಕುದಿಸಲೇಬೇಡಿ. ಕುದಿಸಿದರೆ ಸಾಯುವುದು ಕ್ರಿಮಿ; ನೈಟ್ರೇಟ್ ನೀರಲ್ಲಿ ಕರಗಿದ ಲವಣ, ನೀರು ಆವಿಯಾದರೂ ಅದು ಹಿಂದೆಯೇ ಉಳಿಯುತ್ತದೆ. ಎರಡು ಲೀಟರ್ ನೀರು ಒಂದೂವರೆ ಲೀಟರಿಗೆ ಇಳಿಯುವವರೆಗೆ ಕುದಿಸಿದರೆ ನಿಮ್ಮ 78 ಹೋಗಿ 104 ಆಗುತ್ತದೆ. ಮಿತಿ ಇರುವುದೇ 45. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಇದು ಗೊತ್ತಾಗುವುದಿಲ್ಲ, ನೀವು ಪರೀಕ್ಷೆ ಮಾಡಿಸಿದ್ದು ಒಳ್ಳೆಯದೇ ಆಯ್ತು.

ಆರು ತಿಂಗಳೊಳಗಿನ ಕೂಸಿಗೇ ಇದರ ಅಪಾಯ ಜಾಸ್ತಿ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಕುಗ್ಗುತ್ತದೆ. ತುಟಿ, ಉಗುರು ನೀಲಿಗಟ್ಟಿದರೆ ತಡ ಮಾಡದೆ ದವಾಖಾನೆಗೆ ಹೋಗಿ. ಎದೆಹಾಲೊಂದೇ ಕುಡಿಯುವ ಕೂಸಿಗೆ ಈ ಭಯ ತೀರಾ ಕಡಿಮೆ. ನನಗೆ ಅನುಮಾನ ಇರುವುದು ಬಜೆ ತೇಯುವ ನೀರು, ಪುಡಿ ಹಾಲು ಕಲಸುವ ನೀರು, "ಗಂಟಲು ಒಣಗೀತು" ಅಂತ ಅಜ್ಜಿ ಕೊಡುವ ಎರಡು ಚಮಚ, ಇವುಗಳ ಮೇಲೆ. ಅವೆಲ್ಲ ಬಂದ್ ಮಾಡಿ, ಆರು ತಿಂಗಳು ಎದೆಹಾಲೇ ಸಾಕು. ಎರೆಯಲು ಈ ನೀರೇ ನಡೆಯುತ್ತದೆ, ಚರ್ಮದಿಂದ ಒಳಗೆ ಹೋಗುವುದಿಲ್ಲ.

ಉಳಿದವರು ಕುಡಿಯಲು ನಳದ ಹೊಳೆ ನೀರು ಇದ್ದರೆ ಅದು, ಇಲ್ಲವಾದರೆ ಆರ್‌ಒ ನೀರು ತನ್ನಿ. ಕ್ಯಾಂಡಲ್ ಫಿಲ್ಟರ್, ಯುವಿ ಮಷಿನ್ ಇದಕ್ಕೆ ಕೆಲಸಕ್ಕೆ ಬಾರವು, ಅಂಗಡಿಯವರು ಏನೇ ಹೇಳಲಿ.

ನಿಮ್ಮೊಬ್ಬರ ಮನೆಯ ಕಥೆ ಅಲ್ಲ ಇದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಹತ್ತಿರ ಹತ್ತಿರ ಅರ್ಧದಷ್ಟು ಮಾದರಿಗಳು ಮಿತಿ ದಾಟಿದ್ದವು. ಯೂರಿಯಾ, ತಿಪ್ಪೆ, ಪಾಯಿಖಾನೆ ಗುಂಡಿ ಮೂರೂ ಸೇರಿ ಆಗುವ ಕೆಲಸ. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಮೊದಲ ದೊಡ್ಡ ಮಳೆಗೆ ಮೇಲಿನದೆಲ್ಲ ಅದರೊಳಗೇ ಇಳಿಯುತ್ತದೆ. ತಿಪ್ಪೆಯನ್ನು ಬೋರ್‌ನಿಂದ ದೂರ, ಇಳಿಜಾರಿನ ಕಡೆಗೆ ಹಾಕಿ. ಹಾಗಂತ ನೀರು ಬೇಗ ಸುಧಾರಿಸುವುದಿಲ್ಲ, ವರ್ಷಗಳೇ ಬೇಕು. ತಿಪ್ಪೆ ಅಷ್ಟು ಹತ್ತಿರ ಇರುವುದರಿಂದ ಕ್ರಿಮಿ ಪರೀಕ್ಷೆಯನ್ನೂ ಮಾಡಿಸಿಬಿಡಿ.

ಬೋರ್ ಮುಚ್ಚುವುದೇನೂ ಬೇಡ. ಗೋವಿನಜೋಳಕ್ಕೆ ಧಾರಾಳವಾಗಿ ಬಿಡಿ. ಎಕರೆಗೆ ಒಂದು ಇಂಚು ಹಾಯಿಸಿದರೆ ಹೆಚ್ಚುಕಡಿಮೆ 4 ಕೆ.ಜಿ. ಯೂರಿಯಾದಷ್ಟು ಸಾರಜನಕ ನೀರಲ್ಲೇ ಸಿಗುತ್ತದೆ, ಅಷ್ಟು ಯೂರಿಯಾ ಕಡಿಮೆ ಹಾಕಿ.