ಮೀನು ಹಿಡಿಯುವ ವಿಡಿಯೋ ನೋಡುವುದು ತಪ್ಪೇ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು, ವಯಸ್ಸು 46, ಬಟ್ಟೆ ಅಂಗಡಿ ಇದೆ. ನಮ್ಮದು ಲಿಂಗಾಯತ ಮನೆತನ, ಮನೆಯೊಳಗೆ ತತ್ತಿ ಸಹಿತ ತರುವುದಿಲ್ಲ. ಆದರೆ ನನಗೆ ನ್ಯೂಜಿಲೆಂಡ್, ಅಮೆರಿಕದ ನದಿಗಳ ಫ್ಲೈ ಫಿಶಿಂಗ್ (ಕೊಕ್ಕೆಗೆ ಹುಸಿ ಹುಳ ಕಟ್ಟಿ ಮೀನು ಹಿಡಿಯುವ) ವಿಡಿಯೋ ನೋಡುವ ಹುಚ್ಚು. ಒಮ್ಮೆ ಅವ್ವ ನೋಡಿ, "ಜೀವ ಒದ್ದಾಡೂದು ನೋಡಿ ಏನ್ ಖುಷಿ ಪಡ್ತೀಯೋ?" ಅಂದಳು. ಅಂದಿನಿಂದ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿ ನೋಡುತ್ತೇನೆ. ಈಗ ಹೆಂಡತಿಗೆ ಬೇರೆಯೇ ಸಂಶಯ. ಏನು ಮಾಡಲಿ?

ಉತ್ತರ: ಮೊದಲು ಹೆಂಡತಿಯ ವಿಷಯ. ಇವತ್ತೇ ಮೊಬೈಲ್ ಅವರ ಕೈಗೆ ಕೊಟ್ಟು ಎಲ್ಲವನ್ನೂ ತೋರಿಸಿಬಿಡಿ. ನಡುರಾತ್ರಿ ಕದ್ದು ನೋಡುವುದನ್ನು ಕಂಡರೆ ಯಾವ ಹೆಂಡತಿಗಾದರೂ ಸಂಶಯ ಬಂದೇ ಬರುತ್ತದೆ.

ಅವ್ವನ ಪ್ರಶ್ನೆ ಇದಕ್ಕಿಂತ ದೊಡ್ಡದು, ಅದರಲ್ಲಿ ಸತ್ಯವಿದೆ. ಕೊಕ್ಕೆ ಚುಚ್ಚಿದ ಮೀನು ಒದ್ದಾಡುತ್ತದೆ. ಹಿಡಿದು ಮತ್ತೆ ನೀರಿಗೆ ಬಿಟ್ಟ ಮೇಲೂ ಕೆಲವು ಸಾಯುತ್ತವೆ. ಎಷ್ಟು ಬದುಕುತ್ತವೆ ಎಂಬುದು ಬಹುಮಟ್ಟಿಗೆ ಹಿಡಿದವನ ಕೈಯಲ್ಲಿದೆ. ಹಾಗಾಗಿ ಇನ್ನು ಮುಂದೆ ಆ ಕೈಗಳನ್ನೇ ಗಮನಿಸಿ. ಕೊಕ್ಕೆಗೆ ಹಿಂಬಾಗಿದ ಮುಳ್ಳು ಇರಬಾರದು, ಇದ್ದರೆ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಮೀನಿನ ಮೈಮೇಲಿನ ಲೋಳೆ ಅದನ್ನು ಸೋಂಕಿನಿಂದ ಕಾಯುತ್ತದೆ, ಒಣಗೈ ಅದನ್ನು ಒರೆಸಿಬಿಡುತ್ತದೆ. ರಬ್ಬರ್ ಬಲೆಯಲ್ಲಿ, ನೀರೊಳಗೇ ಇಟ್ಟುಕೊಂಡು ಕೊಕ್ಕೆ ಬಿಡಿಸಬೇಕು. ತಾನಾಗಿ ಈಜಿ ಹೋಗುವವರೆಗೆ ಹರಿವಿಗೆ ಎದುರಾಗಿ ಹಿಡಿದಿರಬೇಕು. ನೀರು ಸುಮಾರು 20 ಡಿಗ್ರಿ ದಾಟಿದರೆ ಬಲ್ಲವರು ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ಬೆಚ್ಚಗಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಕಿವಿರಿಗೆ ಬೆರಳು ಹಾಕುವವರ, ಫೋಟೋಗಾಗಿ ಕಲ್ಲಿನ ಮೇಲೆ ಮಲಗಿಸುವವರ ಚಾನೆಲ್ ಬಿಟ್ಟುಬಿಡಿ. ಅಂಥವರಿಗೆ ನಿಮ್ಮ ಒಂದು ವ್ಯೂ ಕೂಡ ಸಿಗಬಾರದು.

ನಿಮ್ಮನ್ನು ಹಿಡಿದಿಟ್ಟಿರುವುದು ಬಹುಶಃ ಆ ಲೈನಿನ, ಅಂದರೆ ಗಾಳದ ದಪ್ಪ ದಾರದ, ಆಟವೇ. ಫ್ಲೈ ಎಂದರೆ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಹುಳ. ಅದಕ್ಕೆ ಹೆಚ್ಚುಕಡಿಮೆ ತೂಕವೇ ಇಲ್ಲ, ಎಸೆಯಲು ಬೇಕಾದ ತೂಕವೆಲ್ಲ ಲೈನಿನದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತಿಳಿನೀರಿನಲ್ಲಿ ಒಂದೇ ಒಂದು ಟ್ರೌಟ್ ಮೇಲೆ ಕಣ್ಣಿಟ್ಟು ಎಸೆಯುವ ದೃಶ್ಯವನ್ನು ಮತ್ತೊಮ್ಮೆ ನೋಡಿ. ಹುಳ ಮೀನಿನ ಮುಂದೆ, ಮೇಲ್ಹರಿವಿನಲ್ಲಿ ಬೀಳುತ್ತದೆ. ನಡುಹೊಳೆಯ ವೇಗದ ನೀರು ಲೈನನ್ನು ಎಳೆದರೆ ಹುಳದ ಹಿಂದೆ ಗೆರೆ ಮೂಡುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ, ಮೀನು ಮುಖ ತಿರುಗಿಸುತ್ತದೆ. ಅದಕ್ಕೇ ಎಸೆದವನು ತಕ್ಷಣ ಲೈನಿನ ಹೊಟ್ಟೆಯನ್ನು (ಬಾಗಿದ ನಡುಭಾಗವನ್ನು) ಮೇಲ್ಹರಿವಿನ ಕಡೆ ಎತ್ತಿ ಹಾಕುತ್ತಾನೆ.

ಈ ಆಟವನ್ನು ಮೀನಿಲ್ಲದೆಯೂ ಆಡಬಹುದು. ಘಟಪ್ರಭೆಯ ಹಿನ್ನೀರಿಗೂ ಹೋಗಬೇಕಿಲ್ಲ, ಹುಲ್ಲಿರುವ ಬಯಲು ಸಾಕು. 9 ಅಡಿಯ 5 ನಂಬರ್ ರಾಡ್ (ಗಾಳದ ಕೋಲು; ನಂಬರ್ ಎಂದರೆ ಲೈನಿನ ತೂಕದ ಅಳತೆ), ಅದೇ ನಂಬರಿನ ಲೈನ್, ಮುಂದೆ 9 ಅಡಿ ಲೀಡರ್ ಎಂಬ ತೆಳು ದಾರ, ತುದಿಗೆ ಕೊಕ್ಕೆಯ ಬದಲು ಉಣ್ಣೆಯ ಚೂರು. 25-30 ಅಡಿ ಲೈನ್ ಬಿಟ್ಟು ಶುರುಮಾಡಿ. ರಾಡನ್ನು ನಿಧಾನವಾಗಿ ಶುರುಮಾಡಿ ಕೊನೆಗೆ ವೇಗವಾಗಿ ಹಿಂದಕ್ಕೆ ಎತ್ತಿ, ನೆತ್ತಿಯ ನೇರ 12 ಎಂದುಕೊಂಡರೆ ಗಡಿಯಾರದ 1 ಗಂಟೆಯ ಜಾಗದಲ್ಲಿ ಗಕ್ಕನೆ ನಿಲ್ಲಿಸಿ. ಬೆನ್ನ ಹಿಂದೆ ಲೈನ್ ಪೂರ್ತಿ ಚಾಚುವವರೆಗೆ ಕಾಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಅವಸರ ಮಾಡಿದರೆ ಬಾರಕೋಲಿನಂತೆ ಚಟ್ ಎನ್ನುತ್ತದೆ. ಆಮೇಲೆ ಮುಂದಕ್ಕೆ ತಂದು 10ರಲ್ಲಿ ನಿಲ್ಲಿಸಿ. ಹುಲ್ಲಿನ ಮೇಲೇ ಆಡಿ; ಮಣ್ಣು, ಕಲ್ಲಿನ ಮೇಲೆ ಎಳೆದರೆ ಲೈನಿನ ಲೇಪ ಕಿತ್ತುಹೋಗುತ್ತದೆ.

ಅವ್ವನನ್ನೂ ಕರೆದುಕೊಂಡು ಹೋಗಿ ತೋರಿಸಿ. ಆಮೇಲೂ ವಿಡಿಯೋ ಬೇಡವೆಂದರೆ ವಾದ ಮಾಡಬೇಡಿ, ಅವರು ಪಡಸಾಲೆಯಲ್ಲಿದ್ದಾಗ ಹಚ್ಚಬೇಡಿ. ಇನ್ನೊಂದು ಮಾತು: ಮೇಲೆ ಕರೆಂಟಿನ ತಂತಿ ಹಾದುಹೋಗುವ ಬಯಲು ಖಂಡಿತ ಬೇಡ, ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ.